ಕಾಯಬೇಕಾದ ತಡ, ಕಾಯಿಸಿದ ತಡ

ಪಾಲಾರ್ ಅಂದರೆ ಹೊರಗಿನವರಿಗೆ ನೆನಪಾಗುವುದು ಎರಡೇ. ಒಂದು, 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡ ನಡೆಸಿದ ಸ್ಫೋಟ. ಇನ್ನೊಂದು, ಮಾದಪ್ಪನ ಬೆಟ್ಟದಿಂದ ಮೆಟ್ಟೂರು ಕಡೆಗೆ ಇಳಿಯುವ ದಾರಿಯ ಚೆಕ್‌ಪೋಸ್ಟ್. ನನಗೆ ಮಾತ್ರ ಮೂರನೆಯದೊಂದು ನೆನಪಾಗುತ್ತದೆ. ರಸ್ತೆ ಪಕ್ಕದ ಗ್ಯಾರೇಜಿನ ಹಿಂದೆ, ಹುಣಸೆ ಮರದ ಕೆಳಗೆ, ನೀಲಿ ಟಾರ್ಪಾಲು ಹೊದ್ದು ಎರಡೂವರೆ ವರ್ಷ ನಿಂತಿದ್ದ ಒಂದು ಮಾರುತಿ 800.

ಕಾರು ನನ್ನ ಚಿಕ್ಕಪ್ಪನ ಮಗನದು. ಐಟಿಐ ಮುಗಿಸಿ ಟ್ರ್ಯಾಕ್ಟರು, ಟೆಂಪೋ ರಿಪೇರಿ ಮಾಡಿಕೊಂಡಿರುವವನು. ಒಂದು ವರ್ಷ ದಸರಾ ನೋಡಲು ಮೈಸೂರಿಗೆ ಹೋದವನು ಆನೆ ನೋಡಲಿಲ್ಲ, ದೀಪ ನೋಡಲಿಲ್ಲ. ಲಲಿತಮಹಲ್ ಅರಮನೆ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ಮಣ್ಣಿನ ಕಾರ್ ರೇಸ್ ನಡೆಯುತ್ತಿತ್ತು, ಅಲ್ಲೇ ನಿಂತುಬಿಟ್ಟ. ಅದಕ್ಕೆ ಆಟೋಕ್ರಾಸ್ ಅನ್ನುತ್ತಾರೆ. ಮಣ್ಣಿನ ನೆಲದಲ್ಲಿ ಕೋನುಗಳನ್ನಿಟ್ಟು ದಾರಿ ಮಾಡಿರುತ್ತಾರೆ. ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ, ಗಡಿಯಾರದ ಮೇಲೆ ಓಟ. ಕೋನು ತಗುಲಿಸಿದರೆ ನಿಮ್ಮ ಸಮಯಕ್ಕೆ ಇನ್ನಷ್ಟು ಸೆಕೆಂಡು ಸೇರಿಸುತ್ತಾರೆ. ಅವನು ನೋಡಿದ್ದು ದೊಡ್ಡ ಕಾರುಗಳನ್ನಲ್ಲ. ಅವುಗಳ ನಡುವೆ ಓಡುತ್ತಿದ್ದ ಹಳೇ ಮಾರುತಿಗಳನ್ನು. "ಇದ ನಾನೂ ಕಟ್ತೀನಿ ಕಣಣ್ಣ" ಅಂದ.

ಶಿವರಾತ್ರಿ ಜಾತ್ರೆ ಮುಗಿದ ಮೇಲೆ ಕೊಳ್ಳೇಗಾಲದಲ್ಲಿ 28 ಸಾವಿರಕ್ಕೆ 1999ರ ಗಾಡಿಯೊಂದು ಸಿಕ್ಕಿತು. ಅದರಲ್ಲಿ ಐದು ಸಾವಿರ ನನ್ನದು. ಸುದ್ದಿಗಿಷ್ಟು ಅಂತ ಎಣಿಸಿಕೊಡುವ ಪತ್ರಿಕೆಯಲ್ಲಿ ದುಡಿಯುವವನಿಗೆ ಐದು ಸಾವಿರ ಅಂದರೆ ಎಷ್ಟು ಸುದ್ದಿ ಅಂತ ನೀವೇ ಲೆಕ್ಕ ಹಾಕಿ. ಬರುವ ದಸರಾಕ್ಕೆ ಓಡಿಸೋಣ ಅಂದುಕೊಂಡೆವು. ಇನ್ನೂ ಏಳು ತಿಂಗಳಿತ್ತು.

ಮ್ಯಾಟು ಎತ್ತಿ ನೋಡಿದರೆ ನೆಲದ ತಗಡೇ ಇಲ್ಲ, ತುಕ್ಕು ತಿಂದು ರಸ್ತೆ ಕಾಣುತ್ತಿತ್ತು. ವೆಲ್ಡಿಂಗಿನವನಿಗೆ ಕಬ್ಬಿನ ಟ್ರೈಲರುಗಳ ಕೆಲಸ. ಅವನಿಗೆ ಹೊಟ್ಟೆಪಾಡು, ನಮಗೆ ಶೋಕಿ. ನಾವೇ ಕಾಯಬೇಕಲ್ಲವೇ? ಕಾದೆವು. ತಗಡು ಹಾಕಿಸುವ ಹೊತ್ತಿಗೆ ಆಷಾಢ. ದಸರಾ ಬಂತು, ಹೋಯಿತು. ಆ ಕಾರಿನ ಹಿಂದಿನ ಸೀಟು ಕಿತ್ತ ಜಾಗದಲ್ಲಿ ಕೋಳಿ ಮೊಟ್ಟೆ ಇಡಲು ಶುರುಮಾಡಿತು. ನಮ್ಮ ಚಿಕ್ಕಮ್ಮ ಒಂದು ದಿನ ಮೊಟ್ಟೆ ತೆಗೆದುಕೊಳ್ಳುತ್ತಾ, "ನಾಟಿ ಕೋಳಿ ಇಪ್ಪತ್ತೊಂದು ದಿನ ಕಾವು ಕೂತ್ರೆ ಮರಿ ಮಾಡ್ತದ. ನಿನ್ನ ಕಾರು ಇನ್ನೆಷ್ಟು ದಿನ ಕಾವು ಕೂರ್ಬೇಕಪ್ಪ?" ಅಂದರು. ಊರೆಲ್ಲ ಆ ಮಾತು ಹಬ್ಬಿತು. ಅವತ್ತಿಂದ ಗಾಡಿಗೆ "ಕಾವಿಗೆ ಕೂತ ಕಾರು" ಅಂತಲೇ ಹೆಸರು.

ಡಿಸೆಂಬರಿನಲ್ಲಿ ಹೇಗೋ ಸಿದ್ಧವಾಯಿತು. ಕಾರಿನ ಒಳಗೆ ರೋಲ್ ಕೇಜ್ ಇರಬೇಕು. ಗಾಡಿ ಮಗುಚಿದರೆ ಚಾವಣಿ ತಲೆಯ ಮೇಲೆ ಕುಸಿಯದಂತೆ ತಡೆಯುವ ಕಬ್ಬಿಣದ ಪಂಜರ ಅದು. ಗೇಟು, ಕಿಟಕಿ ಮಾಡುವವರಲ್ಲಿ ಪೈಪು ತಂದು ಬೆಸೆಸಿದ್ದೆವು, ಚೆನ್ನಾಗಿ ಹಳದಿ ಬಣ್ಣವನ್ನೂ ಬಳಿದಿದ್ದೆವು. ಹೀಗೆ ಕಟ್ಟಿದ ಗಾಡಿಯನ್ನು ರಸ್ತೆ ಮೇಲೆ ಓಡಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ರೂಪ ಬದಲಿಸಬಾರದು ಅನ್ನುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಎತ್ತಿಹಿಡಿದಿದೆ. ಹಾಗಾಗಿ ಒಂಬತ್ತು ಸಾವಿರ ಬಾಡಿಗೆ ಮಾತಾಡಿ ಟೆಂಪೋ ಮೇಲೆ ಹೇರಿಕೊಂಡು, ರಾತ್ರಿಯೆಲ್ಲ ನಿದ್ದೆಗೆಟ್ಟು ಒಂದು ರೇಸಿಗೆ ಹೋದೆವು.

ತಪಾಸಣೆ ಮಾಡುವವರು ಪಂಜರಕ್ಕೆ ಒಮ್ಮೆ ಕೈ ಆಡಿಸಿದರು. "ಇದು ಗೇಟಿನ ಪೈಪು. ಹೊಲಿಗೆ ಇದೆ. ಆಗಲ್ಲ" ಅಂದರು. ಅಷ್ಟೇ. ಗಾಡಿ ಟೆಂಪೋದಿಂದ ಇಳಿದು ಅರ್ಧ ಗಂಟೆಯೂ ಆಗಿರಲಿಲ್ಲ.

ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಳ್ಳಿಯವರು ಅಂತ ಹೀಗೆ ಮಾಡುತ್ತಾರೆ, ಬರೆದುಬಿಡುತ್ತೇನೆ ಅಂದುಕೊಂಡೆ. ಆಮೇಲೆ ನಿಯಮ ಓದಿದೆ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಪಂಜರದ ಮುಖ್ಯ ಕಮಾನಿಗೆ ಹೊಲಿಗೆ ಇಲ್ಲದ ಸೀಮ್‌ಲೆಸ್ ಪೈಪೇ ಬೇಕು, 45 ಮಿಲಿಮೀಟರ್ ದಪ್ಪ, ಎರಡೂವರೆ ಮಿಲಿಮೀಟರ್ ಗೋಡೆ. ಗೇಟಿನ ಪೈಪು ಅಂದರೆ ತಗಡನ್ನು ಸುರುಳಿ ಸುತ್ತಿ ಅಂಚಿಗೆ ಬೆಸುಗೆ ಹಾಕಿದ್ದು. ಗೇಟಿಗೆ ಅದು ಸಾಕು. ಆದರೆ ಕಾರು ಮಗುಚಿ ಏಟು ಬಿದ್ದಾಗ ಆ ಹೊಲಿಗೆಯೇ ಬಾಯಿ ಬಿಡಬಹುದು. ಒಳಗೆ ಕೂತಿರುವುದು ನನ್ನ ತಮ್ಮ. ನಮ್ಮನ್ನು ವಾಪಸ್ ಕಳಿಸಿದ ಆ ಮನುಷ್ಯ ನಮಗೆ ಒಳ್ಳೆಯದನ್ನೇ ಮಾಡಿದ್ದ. ಬರೆಯಬೇಕೆಂದಿದ್ದ ಸುದ್ದಿಯನ್ನು ಬರೆಯಲಿಲ್ಲ.

ಎರಡನೇ ವರ್ಷ ಪೈಪು ಹೊರಗಿನಿಂದ ತರಿಸಿದೆವು, ಅದಕ್ಕೇ ಎರಡು ತಿಂಗಳು. ಎಂಜಿನ್ನಿಗೆ ಇನ್ನಷ್ಟು ಬಲ ಬರಲಿ ಅಂತ ಹೆಡ್ ಒರೆಸಿದರು. ಲೇತಿನವರು ಒಂದು ಕೂದಲು ಜಾಸ್ತಿಯೇ ಒರೆಸಿದ್ದರು. ಮೂರನೇ ದಿನ ಗ್ಯಾಸ್ಕೆಟ್ ಸುಟ್ಟು ನೀರೂ ಆಯಿಲೂ ಬೆರೆತು ಹಾಲು ಹಾಕಿದ ಕಾಫಿಯಂತೆ ಆಯಿತು. ಬೇರೆ ಹೆಡ್ ಹುಡುಕಿ ಹಾಕುವಷ್ಟರಲ್ಲಿ ಯುಗಾದಿ ದಾಟಿತು. ಮತ್ತೆ ಟೆಂಪೋ ಮಾತಾಡಿದೆವು, ಮುಂಗಡ ಕೊಟ್ಟೆವು. ಹಿಂದಿನ ದಿನ ಮಳೆ ಬಂದು ರೇಸೇ ಮುಂದಕ್ಕೆ ಹೋಯಿತು. ಮುಂಗಡವೂ ಹೋಯಿತು.

ಇಲ್ಲಿಯವರೆಗೆ ನೀವು ನಗುತ್ತಾ ಓದಿರಬಹುದು, ನಾವೂ ನಗುತ್ತಲೇ ಇದ್ದೆವು. ಇನ್ನು ಮುಂದಿನದು ನಗುವ ಮಾತಲ್ಲ.

ಆ ಗ್ಯಾರೇಜಿಗೆ ದಿನಾ ಸಂಜೆ ಒಬ್ಬ ಹುಡುಗ ಬರುತ್ತಿದ್ದ. ಪಿಯುಸಿ ಓದುತ್ತಿದ್ದ, ಹದಿನೇಳು ವರ್ಷ. ಸ್ಪ್ಯಾನರ್ ಕೊಡುವುದು, ಬೋಲ್ಟು ತೊಳೆಯುವುದು ಅವನ ಕೆಲಸ. ಲೈಸೆನ್ಸ್ ಬಂದ ಮೇಲೆ ನಿನಗೂ ಒಂದು ಸುತ್ತು ಕೊಡುತ್ತೇನೆ ಅಂತ ನನ್ನ ತಮ್ಮ ಹೇಳಿದ್ದ. ರೇಸು ಮುಂದಕ್ಕೆ ಹೋದ ಆ ವಾರ ಹುಡುಗನಿಗೆ ತಾಳ್ಮೆ ಮುಗಿಯಿತು. ಅಪ್ಪನ ಬೈಕು ತೆಗೆದುಕೊಂಡು ಬೆಟ್ಟದ ತಿರುವಿಗೆ ಹೋದ. ಗೆಳೆಯನೊಬ್ಬ ಫೋನಿನಲ್ಲಿ ರೀಲ್ಸ್ ತೆಗೆಯುತ್ತಿದ್ದ. ಎದುರಿಗೆ ಬಸ್ಸು ಬಂತು. ಜೀವ ಉಳಿಯಿತು. ಕಾಲು ಎರಡು ಕಡೆ ಮುರಿದು ಒಳಗೆ ರಾಡು ಹಾಕಿದ್ದಾರೆ. ಓದು ಒಂದು ವರ್ಷ ನಿಂತಿತು. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಹೆತ್ತವರಿಗೆ ಅಥವಾ ಗಾಡಿಯ ಮಾಲೀಕರಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ಒಂದು ವರ್ಷ ಗಾಡಿಯ ನೋಂದಣಿ ರದ್ದು ಅಂತ 2019ರ ತಿದ್ದುಪಡಿ ಹೇಳುತ್ತದೆ. ಕೂಲಿ ಮಾಡುವ ಆ ಅಪ್ಪ ಆಸ್ಪತ್ರೆಗೂ ಕೋರ್ಟಿಗೂ ಅಲೆದದ್ದನ್ನು ನಾನೇ ನೋಡಿದ್ದೇನೆ.

ಅದಾದ ಮೇಲೆ ಊರಿನಲ್ಲಿ ಎದ್ದ ಮಾತು ಒಂದೇ: "ಆ ಕಾರು ಕಟ್ಟೋ ಹುಚ್ಚಿನಿಂದಲೇ ಹಿಂಗಾಯ್ತು." ನಾನು ಒಪ್ಪುವುದಿಲ್ಲ. ಕಾರು ಕಟ್ಟುತ್ತಾ ಕಾದವನು ಇವತ್ತಿಗೂ ನೆಟ್ಟಗೆ ನಡೆಯುತ್ತಿದ್ದಾನೆ. ಬಿದ್ದವನು ಕಾಯಲಾರದೆ ಹೋದವನು. ಆದರೆ ಅವನು ಯಾಕೆ ಕಾಯಲಾರದೆ ಹೋದ ಅಂತಲೂ ನಾವು ಕೇಳಬೇಕಲ್ಲವೇ?

ತಡದಲ್ಲಿ ಎರಡು ಬಗೆ ಇದೆ ಅಂತ ನನಗೀಗ ಅನಿಸುತ್ತದೆ. ಕಾಯಲೇಬೇಕಾದ ತಡ ಒಂದು. ಪಂಜರದ ಪೈಪು ಸರಿಯಿಲ್ಲ, ಹೋಗಿ ಬದಲಿಸಿಕೊಂಡು ಬಾ ಅನ್ನುವುದು ಆ ತಡ. ಗ್ಯಾಸ್ಕೆಟ್ ಸುಟ್ಟು ಹೆಡ್ ಎಷ್ಟು ಒರೆಸಬೇಕು ಅಂತ ಕಲಿಯುವುದು ಆ ತಡ. ದೊಡ್ಡವರಿಗೂ ಅದು ತಪ್ಪಿಲ್ಲ. ಉಡುಪಿಯ ಕೆ.ಪಿ. ಅರವಿಂದ್ ಡಕಾರ್ ಅನ್ನುವ ಜಗತ್ತಿನ ಅತಿ ಕಠಿಣ ರ‍್ಯಾಲಿಗೆ ಬೈಕಿನಲ್ಲಿ ಹೋದಾಗ 2017 ಮತ್ತು 2018ರಲ್ಲಿ ಅರ್ಧದಲ್ಲೇ ನಿಲ್ಲಬೇಕಾಯಿತು. ಮೂರನೇ ಸಲ, 2019ರಲ್ಲಿ, ಪೂರ್ತಿ ಓಡಿಸಿ 37ನೆಯವರಾಗಿ ಬಂದರು. ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಬಾಹಾ ಅನ್ನುವ ಸ್ಪರ್ಧೆಗೆ ವರ್ಷಪೂರ್ತಿ ಗಾಡಿ ಕಟ್ಟುತ್ತಾರೆ. ಅಲ್ಲಿ ಮೊದಲು ತಪಾಸಣೆ, ಆಮೇಲೆ ಬ್ರೇಕ್ ಪರೀಕ್ಷೆ. ಬ್ರೇಕ್ ತುಳಿದರೆ ನಾಲ್ಕೂ ಚಕ್ರ ಒಟ್ಟಿಗೆ ಹಿಡಿಯಬೇಕು. ಇಷ್ಟು ದಾಟಿದವರಿಗೆ ಮಾತ್ರ ನಾಲ್ಕು ಗಂಟೆಯ ಓಟ. ತಪಾಸಣೆಯಲ್ಲೇ ನಿಂತು ಮನೆಗೆ ಹೋಗುವ ತಂಡಗಳಿರುತ್ತವೆ. ಅವರನ್ನು ಯಾರೂ ಹುಚ್ಚರು ಅನ್ನುವುದಿಲ್ಲ, ಕಲಿಯುತ್ತಿದ್ದಾರೆ ಅನ್ನುತ್ತಾರೆ. ಐಟಿಐ ಹುಡುಗ ಅದೇ ಕೆಲಸ ಮಾಡಿದರೆ "ಕಾವಿಗೆ ಕೂತ ಕಾರು" ಅಂತ ಹೆಸರು.

ಇನ್ನೊಂದು ಕಾಯಿಸಿದ ತಡ. ಒಂದು ಓಟಕ್ಕೆ ನೂರಾರು ಕಿಲೋಮೀಟರ್ ಗಾಡಿ ಹೊರಬೇಕಾದದ್ದು ಆ ತಡ. ಯಾವ ಪೈಪು ಬೇಕು ಅಂತ ಹೇಳುವವರು ಹತ್ತಿರದಲ್ಲಿ ಒಬ್ಬರೂ ಇಲ್ಲದೆ ಒಂದು ವರ್ಷ ಹಾಳಾದದ್ದು ಆ ತಡ. ಇದು ಯಂತ್ರದ ತಪ್ಪೂ ಅಲ್ಲ, ನಿಯಮದ ತಪ್ಪೂ ಅಲ್ಲ. ನಮ್ಮ ಕಡೆ ಇಂಥದ್ದಕ್ಕೆ ಯಾರೂ ಏನೂ ಮಾಡಿಲ್ಲ ಅಷ್ಟೆ.

ಮಾಡಿದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. 1956ರ ನವೆಂಬರ್ ಒಂದರವರೆಗೆ ನಮ್ಮ ಕೊಳ್ಳೇಗಾಲ ಸೀಮೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಅದೇ ಕೊಯಮತ್ತೂರು ಇವತ್ತು ದೇಶದ ಕಾರ್ ರೇಸಿನ ದೊಡ್ಡ ಊರು. ಗಿರಣಿ, ಪಂಪ್‌ಸೆಟ್ಟು, ಎರಕದ ಕಾರ್ಖಾನೆ, ಲೇತು ತುಂಬಿದ ಆ ಊರಿನಲ್ಲಿ ಎಸ್. ಕರಿವರ್ಧನ್ ಅನ್ನುವವರು ಇದೇ ಮಾರುತಿ 800ರ ಎಂಜಿನ್ ಇಟ್ಟು ಒಬ್ಬರೇ ಕೂರುವ ಸಣ್ಣ ರೇಸ್ ಕಾರು ಕಟ್ಟಿದರು. ದುಬಾರಿ ಕಾರು ತರಿಸಲಾಗದ ಹುಡುಗರಿಗೂ ಓಡಿಸಲು ದಾರಿಯಾಯಿತು. 1995ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ ಚೆಟ್ಟಿಪಾಳ್ಯಂನಲ್ಲಿದೆ. 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಅದೇ ಊರಿನವರು. ಮಾರುತಿ 800ರ ಎಂಜಿನ್ ನಮ್ಮ ಹುಣಸೆ ಮರದ ಕೆಳಗೂ ಇತ್ತು. ಅವರಲ್ಲಿದ್ದು ನಮ್ಮಲ್ಲಿಲ್ಲದ್ದು ಕಲಿಸುವ ಒಂದು ವರ್ಕ್‌ಶಾಪು, ಓಡಿಸಲು ಒಂದು ಜಾಗ.

ನಾನು ಬೆಟ್ಟದ ದಾರಿಯಲ್ಲಿ ರೇಸು ಬೇಕು ಅನ್ನುತ್ತಿಲ್ಲ. ಅದು ವನ್ಯಧಾಮ, ಆನೆ ಓಡಾಡುವ ಕಾಡು, ಮಾದಪ್ಪನ ಭಕ್ತರು ಕಾಲ್ನಡಿಗೆಯಲ್ಲಿ ಹತ್ತುವ ದಾರಿ. ಅಲ್ಲಿ ವೇಗ ತಪ್ಪು. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರಸ್ತೆಯಲ್ಲಿ ರೇಸು ಮಾಡಿದರೆ 189ನೇ ಕಲಮಿನಡಿ ಮೂರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರ ದಂಡ, ಅಥವಾ ಎರಡೂ. ಅದು ಸರಿಯೇ. ಆದರೆ "ಬೇಡ" ಅನ್ನುವ ಬೋರ್ಡು ಒಂದನ್ನೇ ಹಾಕಿ, "ಇಲ್ಲಿ ಬಾ" ಅನ್ನುವ ಜಾಗ ತೋರಿಸದಿದ್ದರೆ ಹುಡುಗರು ಹೋಗುವುದು ತಿರುವಿಗೇ.

ನಾನು ಕೇಳುವುದು ಮೂರೇ. ಕೊಳ್ಳೇಗಾಲ ಅಥವಾ ಹನೂರಿನ ಬಯಲಿನಲ್ಲಿ, ಕಾಡಿನಿಂದಲೂ ಊರಿನಿಂದಲೂ ದೂರದಲ್ಲಿ, ವರ್ಷಕ್ಕೆ ಎರಡು ದಿನ ಒಂದು ಮೈದಾನ ಕೊಡಲಿ. ದೇಶದ ಮೋಟಾರ್ ಕ್ರೀಡಾ ಸಂಸ್ಥೆಯ ಮಾನ್ಯತೆ ಇರುವ ಕ್ಲಬ್ಬೊಂದನ್ನು ಕರೆಸಿ, ಅವರ ನಿಯಮದಂತೆ, ಆಂಬುಲೆನ್ಸ್ ನಿಲ್ಲಿಸಿಕೊಂಡು ನಡೆಸಲಿ. ಎರಡನೆಯದು, ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳು ತಿಂಗಳಿಗೆ ಒಂದು ಶನಿವಾರ ಸಂಜೆ ವರ್ಕ್‌ಶಾಪು ತೆರೆದಿಡಲಿ. ಹೊರಗಿನ ಮೆಕ್ಯಾನಿಕ್ಕನೂ ಬಂದು ಪೈಪು ತೋರಿಸಿ "ಸಾರ್, ಇದು ಆಗ್ತದಾ?" ಅಂತ ಕೇಳುವಂತಿರಲಿ. ಆ ಒಂದು ಪ್ರಶ್ನೆ ಕೇಳಲು ಜಾಗವಿದ್ದಿದ್ದರೆ ನಮಗೆ ಒಂದು ವರ್ಷ ಉಳಿಯುತ್ತಿತ್ತು. ಮೂರನೆಯದು ನಮಗೇ. ರೀಲ್ಸಿಗೆ ಲೈಕು ಒತ್ತುವ ಮೊದಲು ಒಂದು ಸಲ ಎದುರಿನ ಬಸ್ಸನ್ನು ನೆನೆಯಿರಿ.

ದುಡ್ಡೆಲ್ಲಿದೆ, ಇದೆಲ್ಲ ಶ್ರೀಮಂತರ ಆಟ ಅನ್ನುವವರಿದ್ದಾರೆ. ಕಂಬಳ, ಎತ್ತಿನ ಗಾಡಿ ಓಟ ಉಳಿಸಲು ನಮ್ಮ ರಾಜ್ಯ 2017ರಲ್ಲಿ ಕಾನೂನನ್ನೇ ತಿದ್ದಿತು, 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ನನಗೆ ಅದರಲ್ಲಿ ಸಂತೋಷವೇ. ಇದಕ್ಕೆ ಅಷ್ಟೆಲ್ಲ ಬೇಕಿಲ್ಲ. ಒಂದು ಬಯಲು, ಒಂದು ಅನುಮತಿ ಪತ್ರ ಸಾಕು. ಕುಡಿಯುವ ನೀರಿಗಿಂತ ಇದು ಮುಖ್ಯ ಅಂತಲೂ ನಾನು ಹೇಳುವುದಿಲ್ಲ, ಆ ಸುದ್ದಿಯನ್ನೂ ನಾನೇ ಬರೆಯುತ್ತೇನೆ. ಆದರೆ ಮುರಿದ ಕಾಲಿನ ಖರ್ಚು ಕೂಡ ನಮ್ಮ ಬಡವರ ಜೇಬಿನಿಂದಲೇ ಹೋಗುತ್ತದೆ.

ಕಾರಿನ ಕಥೆ ಅರ್ಧಕ್ಕೆ ನಿಂತಿತು ಅಲ್ಲವೇ? ಮೂರನೇ ವರ್ಷ, ಗೌರಿ ಹಬ್ಬದ ಆಸುಪಾಸಿನಲ್ಲಿ, ಅದು ಓಡಿತು. ತಪಾಸಣೆಯವರು ಪಂಜರಕ್ಕೆ ಕೈ ಆಡಿಸಿ ಸ್ಟಿಕರ್ ಅಂಟಿಸಿದಾಗ ನನ್ನ ತಮ್ಮ ಅತ್ತೇಬಿಟ್ಟ. ಮೊದಲ ಓಟ ಚೆನ್ನಾಗಿಯೇ ಆಯಿತು. ಎರಡನೇ ಓಟದಲ್ಲಿ ಮುಂದಿನ ಚಕ್ರದ ಆಕ್ಸಲ್ ಜಾಯಿಂಟು ಮುರಿದು ಗಾಡಿ ಮಧ್ಯದಲ್ಲೇ ಕೂತಿತು. ಇಬ್ಬರು ತಳ್ಳಿಕೊಂಡು ಬಂದೆವು. ಅವನ ವರ್ಗದಲ್ಲಿ ಹದಿನಾಲ್ಕು ಕಾರು, ಮೊದಲ ಓಟದ ಸಮಯದ ಮೇಲೆ ಹನ್ನೊಂದನೇ ಸ್ಥಾನ. ಎರಡೂವರೆ ವರ್ಷದ ಕೆಲಸ ಎರಡು ನಿಮಿಷದೊಳಗೆ ಮುಗಿದಿತ್ತು.

ಈಗ ಕಾರು ಮತ್ತೆ ಹುಣಸೆ ಮರದ ಕೆಳಗಿದೆ. ಆಕ್ಸಲ್ ಬರಬೇಕು. ಮೊನ್ನೆ ಹೋದಾಗ ಆ ಹುಡುಗ ಅಲ್ಲಿದ್ದ. ಕಾಲು ಮುಂದಕ್ಕೆ ಚಾಚಿಕೊಂಡು, ಕೋಲು ಪಕ್ಕಕ್ಕಿಟ್ಟು, ಕಾರ್ಬೊರೇಟರಿನ ಜೆಟ್ಟನ್ನು ಪೆಟ್ರೋಲಿನಲ್ಲಿ ತೊಳೆಯುತ್ತಿದ್ದ. "ಯಾವಾಗ ಬತ್ತದಂತಣ್ಣ ಆಕ್ಸಲ್ಲು?" ಅಂತ ಕೇಳಿದ. ಇನ್ನೊಂದು ತಿಂಗಳಾಗಬಹುದು ಅಂದೆ. "ಆಗ್ಲಿ ಬುಡಿ" ಅಂದ.

ಅವನು ಈಗ ಕಾಯುತ್ತಾನೆ. ಅವನನ್ನು ಇನ್ನೂ ಎಷ್ಟು ಕಾಯಿಸಬೇಕು ಅನ್ನುವುದು ನಮ್ಮ ಕೈಯಲ್ಲಿದೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ನೀರಿನ ಮಾತು ಮುಗಿದ ಮೇಲೆ ಒಂದು ನಿಮಿಷ ಎದ್ದುನಿಂತು ಮೈದಾನದ ಮಾತನ್ನೂ ಕೇಳಿ. ನಕ್ಕರೆ ನಗಲಿ. ನಮ್ಮನ್ನೂ ಎರಡೂವರೆ ವರ್ಷ ನಕ್ಕಿದ್ದಾರೆ.