ಫ್ರೆಂಚ್ ಕಲಿಯಾಕ ಪರದೇಶದ ಮುದುಕಿ ಬೇಕು, ಕನ್ನಡಕ್ಕ ನಮ್ಮ ಅಜ್ಜಿ ಬ್ಯಾಡೇನ್ರೀ?

ಮಾತು ಅನ್ನೂದು ಮನ್ಯಾಗ ಹುಟ್ಟತೈತಿ, ಉಣ್ಣೂ ತಾಟಿನ ಮುಂದ ಬೆಳೀತೈತಿ. ಇದನ್ನ ಸಾವಳಗಿ ಹೆಣ್ಮಗಳು ಹೇಳಿದ್ರ 'ಹಳ್ಳಿಯಾಕಿ, ಏನೋ ಹೇಳ್ತಾಳ ಬಿಡು' ಅಂತೀರಿ. ಇದನ್ನ ಫ್ರಾನ್ಸಿನವ್ರು ಒಂದ ಚಂದನ ಕಾಗದದ ಮ್ಯಾಲ ಅಚ್ಚು ಹಾಕಿ ಹೇಳಿದ್ರ ಲಕ್ಷಗಟ್ಟಲೆ ರೊಕ್ಕ ಕೊಟ್ಟು ಮಕ್ಕಳನ್ನ ವಿಮಾನ ಹತ್ತಸ್ತೀರಿ. ನನಗ ಇವತ್ತು ಇದರ ಮ್ಯಾಲ ನಾಕ ಮಾತು ಆಡೂದೈತಿ. ಸಿಟ್ಟು ಬಂದ್ರ ಬರಲಿ, ಪೂರ್ತಿ ಓದಿ ಸಿಟ್ಟಾಗ್ರಿ.

ವಿಷಯ ಗೊತ್ತಿಲ್ಲದವ್ರಿಗೆ ಮೊದಲ ಹೇಳ್ತೀನಿ. ಬ್ಯಾಸಗಿ ರಜಾದಾಗ ಕಾಲೇಜಿನ ಹುಡುಗ್ರು ಫ್ರೆಂಚ್ ಕಲಿಯಾಕ ಫ್ರಾನ್ಸಿಗೆ ಹೋಗ್ತಾರ. ಮುಂಜಾನಿ ಮೂರ್ನಾಕ ತಾಸು ಕ್ಲಾಸು. ಉಳಿದ ಹೊತ್ತು ಒಂದು ಮನ್ಯಾಗ ಇರೂದು. ಆ ಮನಿಯವ್ರು ರೊಕ್ಕ ತಗೊಂಡು ಊಟ, ಹಾಸಿಗಿ ಕೊಡ್ತಾರ, ಜೋಡಿ ಮಾತೂ ಕೊಡ್ತಾರ. ನಮ್ಮ ಬೀಗರ ಪೈಕಿ ಒಂದು ಹುಡುಗಿ, ಪುಣೆದಾಗ ಕಲಿಯಾಕಿ, ಹಿಂಗ ಲುವಾರ್ ನದಿ ದಂಡಿ ಮ್ಯಾಲಿನ ತೂರ್ ಅನ್ನೂ ಊರಿಗೆ ಹೋಗಿ ಆರ ವಾರ ಇದ್ದು ಬಂದ್ಲು. ಅಲ್ಲೀ ಫ್ರೆಂಚ್ ಭಾಳ ಶುದ್ಧ ಅಂತ ಹಳೇ ಹೆಸರೈತಿ.

ನಾನೂ ಕೂಡಿಸಿಕೊಂಡು ಕೇಳ್ದೆ, 'ಹೆಂಗ ಕಲಿಸಿದ್ರವಾ?' ಅಂತ. ಆಕಿ ಹೇಳಿದ್ಲು: ಮನ್ಯಾಗ ಒಬ್ಬಾಕಿ ಮುದುಕಿ, ಆಕಿ ಮಗಳು. ಇಂಗ್ಲಿಷ್ ಆಡೂಹಂಗಿಲ್ಲ. ರಾತ್ರಿ ಊಟಕ್ಕ ಎಲ್ಲಾರೂ ಕೂಡೇ ಕೂಡಬೇಕು, ಕೈಯಾಗ ಮೊಬೈಲ್ ಇರಬಾರದು. ಬ್ರೆಡ್ಡನ್ನ ತಾಟಿನ್ಯಾಗ ಇಡೂದಿಲ್ಲ, ಬಾಜೂಕ ಟೇಬಲ್ ಮ್ಯಾಲ ಇಡ್ತಾರ. ತಪ್ಪು ಆಡಿದ್ರ ಮುದುಕಿ ನಕ್ಕೋತ ತಿದ್ದತಿದ್ಲಂತ. ಮುದುಕಿ ಕೂಡ ಸಂತಿಗೆ ಹೋಗೂದು, ಕಾಯಿಪಲ್ಯ ಹೆಚ್ಚೂದು, ಆಕಿ ಕಾಲದ ಸುದ್ದಿ ಕೇಳೂದು. ಎರಡ ವರ್ಷ ಪುಸ್ತಕ ಓದಿ ಬರದ ಮಾತು ಆರ ವಾರದಾಗ ನಾಲಿಗಿ ಮ್ಯಾಲ ಕುಂತಿತು.

ಖರೇನ ಖುಷಿ ಆತು ನನಗ. ಹುಡುಗಿ ಶ್ಯಾಣೆಕಿ, ಕಷ್ಟಪಟ್ಟು ಕಲ್ತಾಳ. ಆಕಿ ಕೂಡ ನನ್ನ ಜಗಳ ಇಲ್ಲ, ಫ್ರೆಂಚ್ ಕೂಡಾನೂ ಇಲ್ಲ. ಜಗಳ ಇರೂದು ಹಡೆದವ್ರ ಕೂಡ. ಯಾಕಂದ್ರ ಇದೇ ಹುಡುಗಿ ಸಣ್ಣಾಕಿದ್ದಾಗ ಸೂಟಿಗೆ ಊರಿಗೆ ಬಂದು 'ಯವ್ವಾ, ಎಮ್ಮಿ ಈದೈತಿ ನೋಡಬಾ' ಅಂತ ಕುಣಕೋತ ಬಂದ್ರ, ಆಕಿ ತಾಯಿ 'ಏ, ಹಂಗ ಮಾತಾಡಬ್ಯಾಡ, ಸಾಲ್ಯಾಗ ನಗ್ತಾರ' ಅಂತ ಬಾಯಿ ಮುಚ್ಚಸ್ತಿದ್ಲು. ಈಗ ಆ ಹುಡುಗಿ ಫ್ರಾನ್ಸಿನ ಮುದುಕಿಗೆ ವಾರಕ್ಕೊಮ್ಮೆ ಫೋನ್ ಹಚ್ಚತಾಳ. ಸ್ವಂತ ಅಜ್ಜಿ 'ಉಂಡಿಯವಾ?' ಅಂದ್ರ ತಲಿ ಅಲ್ಲಾಡಸ್ತಾಳ ಅಷ್ಟ. ಮಾತು ತಿಳೀತೈತಿ, ಬಾಯಿಗೆ ಬರೂದಿಲ್ಲ. ಇದರಾಗ ಹುಡುಗಿ ತಪ್ಪೇನೈತಿ, ಹೇಳ್ರಿ?

'ಅಜ್ಜಿ ಮಾತು ಶುದ್ಧ ಇಲ್ಲ, ಅದನ್ನ ಕಲಿತ್ರ ಪರೀಕ್ಷಾದಾಗ ಮಾರ್ಕ್ಸ್ ಹೋಗತಾವು' ಅಂತೀರಿ. ಅಲ್ಲ, ಫ್ರಾನ್ಸಿನ್ಯಾಗ ಮಂದಿ ಪುಸ್ತಕದಾಗಿನಂಗ ಮಾತಾಡ್ತಾರೇನು? 'ನನಗ ಗೊತ್ತಿಲ್ಲ' ಅನ್ನಾಕ ಪುಸ್ತಕದಾಗ 'ಜ ನ ಸೆ ಪಾ' ಅಂತ ಐತಿ. ಮನ್ಯಾಗ ಅದನ್ನ ಮುರದು ಮುದ್ದಿ ಮಾಡಿ 'ಶೆ ಪಾ' ಅಂತಾರ. ಇಲ್ಲಾ ಅನ್ನೂ ಅರ್ಥದ ಆ 'ನ' ಮಾತಿನ್ಯಾಗ ಉದುರಿ ಬೀಳತೈತಿ. ನಿಮ್ಮ ಮಗಳು ಹಂಗ 'ಶೆ ಪಾ' ಅಂದ್ರ 'ಅಗದೀ ಅಲ್ಲಿಯವರಂಗ ಮಾತಾಡ್ತಾಳ' ಅಂತ ಎದಿ ಉಬ್ಬಸ್ತೀರಿ. ಅದೇ ಹುಡುಗಿ 'ಹೋಗಿದ್ದಾನೆ' ಅನ್ನೂದನ್ನ 'ಹೋಗ್ಯಾನ' ಅಂದ್ರ ಮುಖ ಕಿವಚತೀರಿ. ಎರಡೂ ಕಡೆ ನಡೆದಿದ್ದು ಒಂದೇ ಕೆಲಸ: ಆಡೂ ನಾಲಿಗಿ ಬರಿಯೂ ಮಾತನ್ನ ತನಗ ಬೇಕಾದಂಗ ಸಣ್ಣ ಮಾಡಿಕೊಂಡೈತಿ. ಪ್ಯಾರಿಸ್ಸಿನಾಗ ಆದ್ರ ನಾಜೂಕು, ಸಾವಳಗ್ಯಾಗ ಆದ್ರ ಅಡ್ನಾಡಿ. ಯಾವ ವ್ಯಾಕರಣ ಇದು?

ಲೆಕ್ಕಾ ನೋಡ್ರಿ. ಫ್ರೆಂಚಿನ್ಯಾಗ ಎಂಬತ್ತಕ್ಕ ಇರೂ ಮಾತಿನ ಅರ್ಥ 'ನಾಕ ಇಪ್ಪತ್ತು'. ತೊಂಬತ್ತು ಅಂದ್ರ 'ನಾಕ ಇಪ್ಪತ್ತ ಹತ್ತು'. ಹುಡುಗಿ ಇದನ್ನ ಏನೋ ದೊಡ್ಡ ಸೋಜಿಗದಂಗ ಹೇಳಿದ್ಲು. ಸಾಲಿ ಕಟ್ಟಿ ಹತ್ತದ ನಮ್ಮ ಅಜ್ಜಿ ಕುಳ್ಳು ಎಣಿಸೂದೂ ಹಂಗ: 'ಮೂರ ಇಪ್ಪತ್ತ ಮ್ಯಾಲ ಐದು'. ಅದನ್ನ ಕೇಳಿ ಮನಿಮಂದಿ ನಕ್ಕಿದ್ದು ನನಗ ನೆನಪೈತಿ. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಂದಿ ತೊಂಬತ್ತಕ್ಕ ಬ್ಯಾರೆ ಮಾತು ಬಳಸ್ತಾರ, ಅವ್ರನ್ನ ಯಾರೂ ಅನಾಡಿ ಅನ್ನೂದಿಲ್ಲ. ಇನ್ನ 'ತು' ಮತ್ತ 'ವು' — ಸಲಿಗಿಗೆ ಒಂದು, ಮರ್ಯಾದಿಗೆ ಒಂದು. ಯಾರಿಗೆ ಯಾವುದು ಅನ್ನೂದು ತಿಳಿಯಾಕ ಹುಡುಗಿ ಎರಡ ವಾರ ಒದ್ದಾಡಿದ್ಲಂತ. ಅವ್ವಗ 'ನೀ', ಬೀಗರಿಗೆ 'ರೀ', ಸಿಟ್ಟು ಬಂದಾಗ ಗಂಡಗ ಒಮ್ಮಿಂದೊಮ್ಮೆಲೆ 'ನೀವು' — ಇಷ್ಟು ಬಣ್ಣ ಇರೂ ಪಾಠ ನಮ್ಮ ಪಡಸಾಲ್ಯಾಗ ಪುಕ್ಕಟೆ ನಡೀತಿತ್ತು. ಬಾಗಲಾ ಹಾಕಿದವ್ರು ನಾವ.

ಬಾಗಲಾ ಹಾಕಿದ್ರ ಏನ ಆಗತೈತಿ ಅನ್ನೂದನ್ನೂ ಫ್ರಾನ್ಸಿನಿಂದನ ಕಲೀರಿ. 1881-82ರಾಗ ಅಲ್ಲೆ ಎಲ್ಲಾ ಮಕ್ಕಳಿಗೂ ಪುಕ್ಕಟೆ, ಕಡ್ಡಾಯ ಸಾಲಿ ಮಾಡಿದ್ರು. ಒಳ್ಳೇದ ಆತು. ಆದ್ರ ಪಶ್ಚಿಮದ ಬ್ರಿಟನಿ ಸೀಮಿ ಮಕ್ಕಳು ಮನ್ಯಾಗ ಆಡತಿದ್ದದ್ದು ಫ್ರೆಂಚ್ ಅಲ್ಲ, ಬ್ರೆಟನ್. ಸಾಲ್ಯಾಗ ಬ್ರೆಟನ್ ಮಾತು ಬಾಯಿಂದ ಬಿತ್ತಂದ್ರ ಆ ಕೂಸಿನ ಕೊರಳಿಗೆ ಹಳೇ ಕಟಿಗಿ ಚಪ್ಪಲಿಯೋ ಮತ್ತೊಂದೋ ಕಟ್ಟತಿದ್ರು. ಅದಕ್ಕ 'ಸಿಂಬೋಲ್' ಅಂತ ಹೆಸರು. ಇನ್ನೊಂದು ಕೂಸು ಹಂಗ ಸಿಕ್ಕು ಬೀಳೂ ತನಕ ಅದನ್ನ ಹೊರಬೇಕು. ನಾಚಿಕಿ ಪಟ್ಟ ಮಕ್ಕಳು ದೊಡ್ಡವ್ರಾಗಿ ತಮ್ಮ ಮಕ್ಕಳ ಕೂಡ ಬ್ರೆಟನ್ ಆಡೂದು ಬಿಟ್ರು. 1977ರಾಗ 'ದಿವಾನ್' ಅಂತ ಬ್ರೆಟನ್ ಸಾಲಿ ತಗದು, ಅಜ್ಜಿ ಬಾಯಾಗ ಇದ್ದದ್ದನ್ನ ಮೊಮ್ಮಕ್ಕಳಿಗೆ ಮಾಸ್ತರರ ಕಡಿಂದ ಕಲಿಸೂ ಪಾಳಿ ಬಂತು. ಇವತ್ತು ಯುನೆಸ್ಕೊ ಅದನ್ನ ಭಾಳ ಅಪಾಯದಾಗಿರೂ ಭಾಷಾ ಅಂತ ಬರದೈತಿ.

ನಮ್ಮ ಕೊರಳಿಗೆ ಯಾರೂ ಚಪ್ಪಲಿ ಕಟ್ಟಿಲ್ಲ. ಕನ್ನಡ ಆಡಿದ್ರ ಹತ್ತ ರೂಪಾಯಿ ದಂಡ ಹಾಕೂ ಸಾಲಿಗೋಳು ಅದಾವ, ಮತ್ತ ಆ ದಂಡ ಕಟ್ಟಿ ಹೆಮ್ಮಿಲೆ ಹೇಳಿಕೊಳ್ಳೂ ತಂದಿ-ತಾಯಿನೂ ಅದಾರ.

ಇನ್ನೊಂದು ಮಾತು ಭಾಳ ಕೇಳೇನಿ: 'ಫ್ರೆಂಚ್ ಕಲಿತ್ರ ನೌಕರಿ, ಕನ್ನಡ ತಾನ ಬರತೈತಿ ಬಿಡ್ರಿ.' ನೌಕರಿ ಖರೆ, ಅದನ್ನ ಅಲ್ಲಗಳಿಯೂದಿಲ್ಲ. ಫ್ರೆಂಚ್ ಕಲೀಲಿ, ಜರ್ಮನ್ನೂ ಕಲೀಲಿ. ಆದ್ರ ಪಿಯುಸಿಯೊಳಗ ಮಾರ್ಕ್ಸ್ ಜಾಸ್ತಿ ಬೀಳತಾವಂತ ಕನ್ನಡ ಬಿಟ್ಟು ಫ್ರೆಂಚ್ ತಗೊಳ್ಳೂದು, ಮನ್ಯಾಗ ಹಿಂದಿ-ಇಂಗ್ಲಿಷ್ ಕಲಬೆರಕಿ ಆಡೂದು, ಊರಿಗೆ ವರ್ಷಕ್ಕ ಎರಡ ದಿನ ಬರೂದು — ಇಷ್ಟರಾಗ ಕನ್ನಡ ಎಲ್ಲಿಂದ 'ತಾನ' ಬರತೈತಿ? ಜ್ವಾಳ ಸುದ್ದಾ ತಾನ ಬರೂದಿಲ್ಲ, ಬಿತ್ತಬೇಕು. ಕರ್ನಾಟಕ ಸರಕಾರ 2015ರಾಗ ಕನ್ನಡ ಭಾಷಾ ಕಲಿಕಾ ಕಾಯ್ದೆ ಮಾಡೈತಿ, ಸಾಲ್ಯಾಗ ಕನ್ನಡ ಓದಿಸ್ರಿ ಅಂತ. ಚೊಲೋ ಆತು. ಆದ್ರ ಕಾಯ್ದೆ ಪುಸ್ತಕದ ಕನ್ನಡ ತರಬಹುದು, ಒಲಿ ಮುಂದಿನ ಕನ್ನಡ ತರಾಕ ಆಗೂದಿಲ್ಲ. ಪುಣೆದಾಗಿನ ಮಕ್ಕಳಿಗೆ ಆ ಕಾಯ್ದೆನೂ ಇಲ್ಲ, ಮನಿ ಒಂದ ಗತಿ.

ಎರಡ ಮಾತು ಕೂಡಿ ಬೆಳಿಯೂದಿಲ್ಲ ಅನ್ನೂದೂ ಸುಳ್ಳ. ನಾವು ಗಡಿ ಮಂದಿ. ಆಚೆ ಜತ್ತ ತಾಲೂಕಿನ್ಯಾಗ ಹೊಲದಾಗ ಕನ್ನಡ, ಕಚೇರ್ಯಾಗ ಮರಾಠಿ. ಬೇಂದ್ರೆ ಅಜ್ಜಾರ ಮನಿಮಾತು ಮರಾಠಿ, ಧಾರವಾಡದ ಓಣ್ಯಾಗ ಕೇಳಿದ ಕನ್ನಡದಾಗ ಬರದು 1973ರ ಜ್ಞಾನಪೀಠ ತಂದ್ರು. ನಮ್ಮ ಜಮಖಂಡ್ಯಾಗ 1886ರಾಗ ಹುಟ್ಟಿದ ಗುರುದೇವ ರಾನಡೆಯವ್ರು ಇಂಗ್ಲಿಷಿನ್ಯಾಗ ಗ್ರೀಕ್ ತತ್ವಶಾಸ್ತ್ರದ ಬಗ್ಗೆ ಬರದ್ರು, ಕನ್ನಡ, ಮರಾಠಿ ಸಂತರ ಬಗ್ಗೇನೂ ಬರದ್ರು. ಒಂದು ಮಾತು ಹೆಚ್ಚಾತಂತ ಅವ್ರ ತಲಿ ಏನ ಭಾರ ಆಗಲಿಲ್ಲ. ಬಡ ಹುಡುಗ್ರು ವಾರಾನ್ನ ಉಂಡು ಕಲಿತಿದ್ದ ಕಾಲ ನೆನಸ್ರಿ: ಸೋಮವಾರ ಒಂದು ಮನಿ, ಮಂಗಳವಾರ ಇನ್ನೊಂದು ಮನಿ. ಹೊಟ್ಟಿಗೆ ಅನ್ನ, ಕಿವಿಗೆ ಏಳ ಮನಿ ಮಾತು. ಪರರ ಮನ್ಯಾಗ ಇದ್ದು ಕಲಿಯೂದು ನಮಗ ಫ್ರಾನ್ಸಿನವ್ರು ಹೇಳಿಕೊಟ್ಟ ವಿದ್ಯಾ ಏನ ಅಲ್ಲ.

ಪರದೇಶದವ್ರಿಗೆ ನಮ್ಮ ಮಾತಿನ ಬೆಲಿ ಗೊತ್ತಿತ್ತು. ಜರ್ಮನಿಯ ಕಿಟ್ಟೆಲ್ ಸಾಹೇಬ್ರು 1853ರಾಗ ಈ ಕಡೆ ಬಂದು, 1894ರಾಗ ದೊಡ್ಡ ಕನ್ನಡ ನಿಘಂಟು ಅಚ್ಚು ಹಾಕಿಸಿದ್ರು. ಹಳೇ ಕಾವ್ಯದ ಮಾತಿನ ಬಾಜೂಕ ನಮ್ಮ ಸೀಮಿ ಆಡು ಮಾತನ್ನೂ ಕುಂದರಿಸಿ, ಇದು ದಕ್ಷಿಣ ಮರಾಠಾ ಸೀಮಿದು ಅಂತ ಗುರುತು ಹಾಕ್ಯಾರ. ಏಳು ಸಮುದ್ರ ದಾಟಿ ಬಂದವ ಹೊಲಸು ಅನ್ನಲಿಲ್ಲ, ಬರಕೊಂಡ. ಜಮಖಂಡಿಯಿಂದ ಪುಣೆಕ್ಕ ಹೋದವ್ರಿಗೆ ಹೊಲಸಾತು.

ಈಗ ಊರಾಗ ಇದ್ದವ್ರಿಗೂ ನಾಕ ಮಾತು. ಶಹರದ ಮೊಮ್ಮಕ್ಕಳು ಬಂದ ಕೂಡಲೇ ನೀವ್ಯಾಕ 'ಬೇಟಾ, ವಾಟರ್ ಕುಡಿ, ರೈಸ್ ತಿನ್ನು' ಅಂತ ಚಾಲೂ ಮಾಡ್ತೀರಿ? ತೂರಿನ ಮುದುಕಿ ಹಂಗ ಇಂಗ್ಲಿಷ್ ಹುಡಿಕ್ಯಾಡಿದ್ದ್ರ ಆ ಹುಡುಗಿಗೆ ಫ್ರೆಂಚ್ ಬರತಿತ್ತೇನು? ತನ್ನ ಮಾತಿನ ಬಗ್ಗೆ ಆಕಿಗೆ ನಾಚಿಕಿ ಇರಲಿಲ್ಲ, ಅದಕ್ಕ ಆಕಿ ಕಲಿಸಾಕ ಲಾಯಕ ಆದ್ಲು. ರೊಟ್ಟಿನ ಚಪಾತಿ ಅನ್ನಬ್ಯಾಡ್ರಿ, ಮಣೂಕನ್ನ ಕಿಸ್‌ಮಿಸ್ ಅನ್ನಬ್ಯಾಡ್ರಿ. ನಮ್ಮ ಕಡೆ ಇಷ್ಟು ದ್ರಾಕ್ಷಿ ತ್ವಾಟ ಅದಾವ. ದ್ರಾಕ್ಷಿ ಸುಗ್ಗಿಗೆ ಫ್ರೆಂಚಿನ್ಯಾಗ ಏನಂತಾರ ಅನ್ನೂದು ಹುಡುಗಿಗೆ ಗೊತ್ತೈತಿ, ಸ್ವಂತ ಕಾಕಾನ ತ್ವಾಟದಾಗಿನ 'ಚಾಟ್ನಿ' ಅಂದ್ರ ಗಿಡ ಕತ್ತರಿಸೂದು ಅಂತ ಗೊತ್ತಿಲ್ಲ, ತಿನ್ನೂ ಚಟ್ನಿ ಅಂತ ತಿಳಕೊಂಡಾಳ. ಹೇಳಿದವ್ರ ಯಾರು ಆಕಿಗೆ?

ಅದಕ್ಕ ನಾ ಕೇಳೂದು ಇಷ್ಟ. ಫ್ರಾನ್ಸಿಗೆ ಆರ ವಾರ ಕೊಟ್ಟವ್ರು ಊರಿಗೆ ಎರಡ ವಾರ ಕೊಡ್ರಿ, ಅವೇ ಕಾಯ್ದೆ ಹಚ್ಚಿ ಕೊಡ್ರಿ. ತಂದಿ-ತಾಯಿ ಬಿಟ್ಟು ಹೋಗಬೇಕು, ನಡುವ ದುಭಾಷಿ ಆಗಿ ಕೂಡಬಾರದು. ಮನ್ಯಾಗ ಕನ್ನಡ ಬಿಟ್ಟು ಬ್ಯಾರೆ ಮಾತಿಲ್ಲ. ಉಣ್ಣೂ ಮುಂದ ಮೊಬೈಲ್ ಇಲ್ಲ. ಅಜ್ಜಿ ಜೋಡಿ ರೊಟ್ಟಿ ಬಡಿಯಾಕ ಕೂಡಬೇಕು, ಗಂಡ ಹುಡುಗ್ರೂ ಕೂಡಬೇಕು. ಸಂತಿಗೆ ಹೋಗಿ ಬದನಿಕಾಯಿ ಚೌಕಾಶಿ ಮಾಡಬೇಕು. ತಪ್ಪಾಡಿದ್ರ ನಕ್ಕೋತ ತಿದ್ದೂದು, ಹೀಯಾಳಿಸೂದಿಲ್ಲ. ಮೇ ತಿಂಗಳ ಬಿಸಿಲು ತಡಿಯಾಕ ಆಗೂದಿಲ್ಲಂದ್ರ ಸೀತನಿ ಸುಡೂ ಹೊತ್ತಿಗೆ ಬರ್ರಿ, ಥಂಡಿ ಇರತೈತಿ. ವೀಸಾ ಬ್ಯಾಡ, ಆರ ತಿಂಗಳಿಗೆ ತೊಂಬತ್ತ ದಿನದ ಮ್ಯಾಲ ಇರಬಾರದು ಅನ್ನೂ ಅಲ್ಲಿ ಕಾಯ್ದೆನೂ ಇಲ್ಲಿಲ್ಲ.

ಫ್ರೆಂಚ್ ಸಾಲಿ ಮುಂದಿನ ವರ್ಷಾನೂ ಇರತೈತಿ, ಹತ್ತ ವರ್ಷಕ್ಕೂ ಇರತೈತಿ. ಮನ್ಯಾಗಿನ ಅಜ್ಜಿಗೆ ಎಂಬತ್ತು ದಾಟೈತಿ. ಆಕಿ ಹ್ವಾದ ಮ್ಯಾಲ ಆ ಸಾಲಿ ತಗಿಯಾಕ ಯಾವ ದೇಶದಾಗೂ ಫೀ ಕಟ್ಟಾಕ ಬರೂದಿಲ್ಲ. ಈ ಸೂಟಿಗೆ ಕಳಸ್ರಿ.