ತೂಕದ ಕಲ್ಲೂ ದೇವರದೇ



ನೀತಿಯಿಂದ ಬಾಳುವವನಿಗೆ ಆಶೀರ್ವಾದವುಂಟು ಎಂದು ಪವಿತ್ರ ಬೈಬಲಿನ ಜ್ಞಾನೋಕ್ತಿಗಳ ಗ್ರಂಥವು ಮತ್ತೆ ಮತ್ತೆ ಸಾರುತ್ತದೆ. ಈ ಮಾತನ್ನು ನಾವು ದೇವಾಲಯದಲ್ಲಿ ಭಕ್ತಿಯಿಂದ ಆಲಿಸುತ್ತೇವೆ. ಆದರೆ ಆಶೀರ್ವಾದವೆಂದರೆ ಏನು, ಅದು ಯಾವ ದಾರಿಯಿಂದ ಬರುತ್ತದೆ ಎಂದು ಕೇಳಿಕೊಳ್ಳುವುದು ಕಡಿಮೆ. ಒಳ್ಳೆಯವರಾಗಿದ್ದರೆ ಬೆಳೆ ಚೆನ್ನಾಗಿ ಬಂದೀತು, ಸಾಲ ತೀರೀತು, ಮಗಳ ಮದುವೆ ಸುಸೂತ್ರವಾಗಿ ನಡೆದೀತು ಎಂಬುದೇ ನಮ್ಮಲ್ಲಿ ಬಹುಮಂದಿಯ ತಿಳಿವಳಿಕೆ.

ಕೃಷ್ಣೆಯ ದಂಡೆಯಲ್ಲಿ ಬಾಳುವ ನಮಗೆ ಈ ತಿಳಿವಳಿಕೆ ಸಾಲದು. 2005ರಲ್ಲಿ, 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ನದಿಗಳು ಉಕ್ಕಿ ಹರಿದಾಗ ಪ್ರಾಮಾಣಿಕನ ಕಬ್ಬೂ ಮೋಸಗಾರನ ಕಬ್ಬೂ ಒಂದೇ ನೀರಿನಲ್ಲಿ ನಿಂತವು. ಯೋಬನ ಗ್ರಂಥವು ಈ ಕಷ್ಟವನ್ನು ಬಹು ಹಿಂದೆಯೇ ಕಂಡಿತ್ತು. ಕೇಡು ಮಾಡದವನು ಮಕ್ಕಳನ್ನೂ ಮಂದೆಯನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಿದ್ದಾಗ, ನೀನು ಪಾಪ ಮಾಡಿರಲೇಬೇಕು ಎಂದು ವಾದಿಸಿದ ಗೆಳೆಯರನ್ನೇ ಸರ್ವೇಶ್ವರ ಸ್ವಾಮಿ ಕಡೆಗೆ ಗದರಿಸಿದರು. ನೆರೆಯಲ್ಲಿ ಮನೆ ಕಳೆದುಕೊಂಡವನ ಮುಂದೆ ನಿಂತು ಅವನ ಪಾಪಗಳನ್ನು ಎಣಿಸುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ನೀತಿವಂತನ ಆಶೀರ್ವಾದ ಯಾವುದು? ಅದನ್ನು ತೋರಿಸಲು ಜ್ಞಾನೋಕ್ತಿಗಳ ಗ್ರಂಥವು ನಮ್ಮನ್ನು ಸಂತೆಗೆ ಕರೆದೊಯ್ಯುತ್ತದೆ. ಮೋಸದ ತಕ್ಕಡಿ ದೇವರಿಗೆ ಅಸಹ್ಯವೆಂದು ಅದರ 11ನೆಯ ಅಧ್ಯಾಯ ಹೇಳುತ್ತದೆ. ವ್ಯಾಪಾರಿಯ ಚೀಲದಲ್ಲಿರುವ ತೂಕದ ಕಲ್ಲುಗಳೂ ದೇವರಿಗೆ ಸೇರಿದವೆಂಬುದು 16ನೆಯ ಅಧ್ಯಾಯದ ಬೋಧನೆ. ಕೈಯಲ್ಲಿ ಹಣವಿರುವಾಗ ಕೊಡಬೇಕಾದವನಿಗೆ ನಾಳೆ ಬಾ ಎನ್ನಬಾರದೆಂದು 3ನೆಯ ಅಧ್ಯಾಯ ಎಚ್ಚರಿಸುತ್ತದೆ. ಬಡ ಕೂಲಿಯವನ ಕೂಲಿ ಹೊತ್ತು ಮುಳುಗುವ ಮೊದಲೇ ಸಲ್ಲಬೇಕೆಂಬುದು ಧರ್ಮೋಪದೇಶಕಾಂಡದ ವಿಧಿ. ಆ ಕೂಲಿಯನ್ನು ಕಸಿಯುವುದು ರಕ್ತ ಸುರಿಸುವುದಕ್ಕೆ ಸಮವೆಂದು ಸಿರಾಖನು ನಿಷ್ಠುರವಾಗಿ ನುಡಿಯುತ್ತಾನೆ. ಬೈಬಲಿನ ಜ್ಞಾನವು ಧ್ಯಾನಮಂದಿರದಲ್ಲಿ ಆರಂಭವಾದರೂ ಅದರ ಪರೀಕ್ಷೆ ನಡೆಯುವುದು ತಕ್ಕಡಿಯ ಮುಂದೆ. ವಿವೇಕವೆಂದರೆ ಮಾಡುವ ಕೆಲಸದಲ್ಲಿ ಸರಿಯಾಗಿ ತೊಡಗಿದ ಬುದ್ಧಿ ಎಂದು ಸಂತ ಥಾಮಸ್ ಅಕ್ವಿನಾಸರು ವಿವರಿಸಿದ್ದೂ ಇದೇ ಅರ್ಥದಲ್ಲಿ.

ನಮ್ಮ ಸೀಮೆಯ ಇತಿಹಾಸವೂ ಒಂದರ್ಥದಲ್ಲಿ ತೂಕ ಮತ್ತು ದರಗಳ ಇತಿಹಾಸವೇ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ರೈತರು ಶರದ್ ಜೋಶಿಯವರ ನಾಯಕತ್ವದಲ್ಲಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ 6ರಂದು ನಡೆದ ಪೊಲೀಸ್ ಗೋಲಿಬಾರಿನಲ್ಲಿ ಹಲವರು ಪ್ರಾಣ ತೆತ್ತರು. ಕಬ್ಬು ಪೂರೈಸಿದ ಹದಿನಾಲ್ಕು ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವು ಗೊತ್ತುಪಡಿಸಿತು. ಆದರೂ ಬಾಕಿಯ ಮಾತು ನಿಲ್ಲಲಿಲ್ಲ, ಕಾಟಾದ ಮೇಲಿನ ಸಂಶಯವೂ ಹೋಗಲಿಲ್ಲ. 2025ರ ನವೆಂಬರಿನಲ್ಲಿ ರಾಯಬಾಗಕ್ಕೆ ನೆರೆಯದಾದ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಡಿ ಹಗಲಿರುಳು ಧರಣಿ ಕುಳಿತರು. ಸರ್ಕಾರವು 3,300 ರೂಪಾಯಿ ಘೋಷಿಸಿದ ಮೇಲೆ ಮನೆಗೆ ಮರಳಿದರು.

ಅವರ ಬೇಡಿಕೆಯಲ್ಲಿ ನ್ಯಾಯವಿತ್ತು. ಆದರೆ ತಕ್ಕಡಿಯ ಒಂದು ತಟ್ಟೆಯನ್ನಷ್ಟೇ ನೋಡಿ ನಾವು ಸುಮ್ಮನಾಗುವಂತಿಲ್ಲ. ಕಾರ್ಖಾನೆಯ ಕಾಟಾದ ಎದುರು ನಾವು ರೈತರು. ಕಳೆ ತೆಗೆಯುವ ಹೆಣ್ಣಾಳಿನ ಎದುರು ನಾವೇ ಕಾರ್ಖಾನೆ. ಬಿಲ್ಲು ತಡವಾಯಿತೆಂದು ಕೋಪಗೊಳ್ಳುವ ನಾವು ಶನಿವಾರದ ಕೂಲಿಯನ್ನು ಮುಂದಿನ ಸಂತೆಗೆ ದೂಡುವುದಿಲ್ಲವೇ? ಮುಕಾದಮನಿಗೆ ಮುಂಗಡ ಕೊಟ್ಟಾಯಿತೆಂದು, ದೂರದ ಊರಿನಿಂದ ಬಂದು ಹೊಲದಂಚಿನ ಗುಡಿಸಲಿನಲ್ಲಿ ಮಲಗುವ ಕಬ್ಬು ಕಡಿಯುವವರ ಲೆಕ್ಕವನ್ನು ಕೇಳದೆ ಬಿಡುವುದಿಲ್ಲವೇ? ಸಾವಿರ ಬೀಡಿ ಕಟ್ಟಿ ತಂದ ತಾಯಿಯ ಕಟ್ಟಿನಿಂದ ಕಳಪೆಯೆಂದು ಬೀಡಿ ತೆಗೆದಿಟ್ಟು ಅವಳ ಕೂಲಿ ಮುರಿಯುವ ಕೈ ಪರದೇಶದವರದಲ್ಲ, ನಮ್ಮ ನಡುವಿನದೇ. ಧರ್ಮಕೇಂದ್ರದ ಶಾಲೆಗಳೂ ಸಂಸ್ಥೆಗಳೂ ಈ ಅಳತೆಗೆ ಹೊರತಲ್ಲ. ಶಾಲೆಯ ಅಂಗಳ ಗುಡಿಸುವವಳ ಸಂಬಳವೂ ದೇವರ ತಕ್ಕಡಿಯಲ್ಲಿಯೇ ತೂಗಲ್ಪಡುತ್ತದೆ. ದುಡಿಯುವವನ ಬಾಳಿಗೆ ಸಾಲುವಷ್ಟು ವೇತನವು ಸ್ವಾಭಾವಿಕ ನ್ಯಾಯದ ಹಕ್ಕೆಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲಿ ‘ರೇರುಂ ನೊವಾರುಂ’ ಎಂಬ ವಿಶ್ವಪತ್ರದಲ್ಲಿ ಬೋಧಿಸಿದರು. ಕೊಡಬೇಕಾದುದನ್ನು ಉಳಿಸಿಕೊಂಡು ಹಬ್ಬದ ದಿನ ದಾನ ಮಾಡುವವನು ಬಡವನ ಹಣದಿಂದಲೇ ಬಡವನಿಗೆ ಉಪಕಾರ ಮಾಡಿದಂತಾಯಿತು.

ಸರಿಯಾಗಿ ತೂಗಿದವನಿಗೆ, ಹೊತ್ತಿಗೆ ಕೊಟ್ಟವನಿಗೆ ಸಿಗುವುದೇನು? ಅವನ ಹೊಲಕ್ಕೆ ನೆರೆ ಬರುವುದಿಲ್ಲ ಎಂಬ ಭರವಸೆ ಯಾರೂ ಕೊಡಲಾರರು. ಆದರೆ ಅವನ ಮಾತಿಗೆ ಊರಿನಲ್ಲಿ ಬೆಲೆಯಿರುತ್ತದೆ. ಅವನು ಬರೆದ ಲೆಕ್ಕವನ್ನು ಎರಡನೆಯ ಸಲ ಯಾರೂ ಎಣಿಸುವುದಿಲ್ಲ. ಕಷ್ಟ ಬಂದಾಗ ಅಂಗಡಿಯವನು ಅವನಿಗೆ ಉದ್ರಿ ಕೊಡಲು ಹಿಂಜರಿಯುವುದಿಲ್ಲ, ಆಳುಮಕ್ಕಳು ಕರೆಯದೆಯೇ ಬಂದು ನಿಲ್ಲುತ್ತಾರೆ. ಅವನ ಮಕ್ಕಳು ತಂದೆಯ ಹೆಸರನ್ನು ತಲೆಯೆತ್ತಿ ಹೇಳುತ್ತಾರೆ. ರಾತ್ರಿ ಪ್ರಾರ್ಥನೆಗೆ ಮಂಡಿಯೂರುವಾಗ ಅವನ ಮತ್ತು ದೇವರ ನಡುವೆ ಯಾರದೋ ಬಾಕಿ ಚೀಟಿ ಅಡ್ಡ ಬರುವುದಿಲ್ಲ. ಇದನ್ನೇ ನಾವು ಆಶೀರ್ವಾದವೆಂದು ಕರೆಯುತ್ತೇವೆ. ಇದು ಒಬ್ಬನ ಕಣಜದಲ್ಲಿ ಕೂಡಿಡುವಂಥದ್ದಲ್ಲ, ನೆರೆಹೊರೆಯಲ್ಲಿ ಬೆಳೆಯುವಂಥದ್ದು.

ಈ ಬೆಳೆಯಲ್ಲಿ ಕ್ರೈಸ್ತರಾದ ನಾವು ಮಾತ್ರವೇ ಪಾಲುಗಾರರಲ್ಲ. ಕಾಯಕವನ್ನು ಪೂಜೆಯೆಂದು ಬಗೆದ ಶರಣರ ನಾಡಿದು; ಕಳವು ಮಾಡದಿರುವುದನ್ನೂ ಆಸೆಗೆ ಮಿತಿಯಿಡುವುದನ್ನೂ ವ್ರತವಾಗಿ ಸ್ವೀಕರಿಸಿದ ಜೈನ ಕೃಷಿಕರ ನಾಡಿದು. ಸುಳ್ಳು ತೂಕ ಪಾಪವೆಂದು ಅವರಿಗೆ ನಾವು ಕಲಿಸಬೇಕಾಗಿಲ್ಲ. ನಮ್ಮ ತೂಕ ಸರಿಯಿದೆಯೆಂದು ಅವರು ಕಂಡುಕೊಂಡರೆ ಅದೇ ದೊಡ್ಡ ಸಾಕ್ಷಿ.

ಆದುದರಿಂದ, ಪ್ರಿಯರೇ, ಈ ಭಾನುವಾರ ಬಲಿಪೂಜೆಗೆ ಹೊರಡುವ ಮುನ್ನ ಮನೆಯ ಲೆಕ್ಕದ ಪುಸ್ತಕವನ್ನು ತೆರೆಯೋಣ. ಯಾರಿಗೆ ಎಷ್ಟು ಸಲ್ಲಬೇಕು, ಎಂದಿನಿಂದ ಸಲ್ಲಬೇಕು ಎಂದು ನೋಡೋಣ. ಕೈಯಲ್ಲಿರುವುದನ್ನು ಅಂದೇ ಕೊಡೋಣ. ಇಲ್ಲದಿದ್ದರೆ ಅವರ ಮನೆಗೆ ಹೋಗಿ ಕೊಡುವ ದಿನವನ್ನು ಹೇಳಿ, ಆ ಮಾತನ್ನು ಉಳಿಸಿಕೊಳ್ಳೋಣ.