ಮುಂಬಯಿ ನಮಗೆ ಹೊರನಾಡೆ?

ನವೆಂಬರ್ ತಿಂಗಳು ಬಂತೆಂದರೆ ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮ ಸಭಾಗೃಹಗಳಲ್ಲಿ ಒಂದೇ ಭಾಷಣ ಮರುಕಳಿಸುತ್ತದೆ. ಬೆಂಗಳೂರಿನಿಂದ ಬಂದ ಅತಿಥಿಗಳು ಶಾಲು ಸರಿಪಡಿಸಿಕೊಂಡು, "ತಾಯ್ನಾಡನ್ನು ಬಿಟ್ಟು ಇಷ್ಟು ದೂರ ಬಂದರೂ ಕನ್ನಡವನ್ನು ಮರೆಯದ ಹೊರನಾಡ ಕನ್ನಡಿಗರೇ" ಎಂದು ಆರಂಭಿಸುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ನಾನೂ ತಟ್ಟಿದ್ದೇನೆ. ಆ ಚಪ್ಪಾಳೆಯ ಬಗೆಗೇ ಈಗ ನನ್ನ ತಕರಾರು.

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದ ಮೇಲೆ ಧಾರವಾಡದ ಸೀಮೆ ಮುಂಬಯಿ ಸರ್ಕಾರಕ್ಕೆ ಸೇರಿತು. ಬೆಳಗಾವಿ, ಬಿಜಾಪುರಗಳೂ ಅದರ ಜಿಲ್ಲೆಗಳಾದವು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಕೊಟ್ಟರು. 1956ರ ನವೆಂಬರ್ 1ರವರೆಗೆ ಈ ನಾಲ್ಕು ಜಿಲ್ಲೆಗಳ ರಾಜಧಾನಿ ಮುಂಬಯಿ. ಧಾರವಾಡದ ಲೆಕ್ಕದಲ್ಲಿ ಇದು 138 ವರ್ಷಗಳ ಸಂಬಂಧ. ಅದೇ ಧಾರವಾಡಕ್ಕೆ ಬೆಂಗಳೂರು ರಾಜಧಾನಿಯಾಗಿ ಇನ್ನೂ ಮುಕ್ಕಾಲು ಶತಮಾನವೂ ತುಂಬಿಲ್ಲ. ಕಾರವಾರದ ಧಕ್ಕೆಯಲ್ಲಿ ಆಗಬೋಟು ಹತ್ತಿದ ಹುಡುಗ ಪರನಾಡಿಗೆ ಹೊರಟಿರಲಿಲ್ಲ. ತನ್ನ ಸರ್ಕಾರ, ತನ್ನ ಹೈಕೋರ್ಟು, ತನ್ನ ವಿಶ್ವವಿದ್ಯಾಲಯ ಇದ್ದ ಊರಿಗೆ ಹೊರಟಿದ್ದ. ಅವನು ಊರಲ್ಲಿದ್ದಾಗ ಒಳನಾಡಿಗ, ಬೋರಿಬಂದರಿಗೆ ಬಂದೊಡನೆ ಹೊರನಾಡಿಗ ಎನ್ನುವುದು ಯಾವ ನ್ಯಾಯ?

ಮಾಟುಂಗದ ಚಂದಾವರಕರ ರಸ್ತೆಯಲ್ಲಿ ನಮ್ಮವರು ದಿನವೂ ಓಡಾಡುತ್ತಾರೆ. ಆ ಹೆಸರಿನ ನಾರಾಯಣ ಗಣೇಶ ಚಂದಾವರಕರರು 1855ರಲ್ಲಿ ಹುಟ್ಟಿದ್ದು ಹೊನ್ನಾವರದಲ್ಲಿ. ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ, ಇಲ್ಲಿನ ವಿಶ್ವವಿದ್ಯಾಲಯದ ಉಪಕುಲಪತಿ, 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷ, 1921ರಲ್ಲಿ ಸುಧಾರಿತ ಮುಂಬಯಿ ವಿಧಾನ ಪರಿಷತ್ತಿನ ಮೊದಲ ಸಭಾಪತಿ. ಆ ರಸ್ತೆಯಲ್ಲಿ ಇಡ್ಲಿ ತಿಂದು ಬಂದ ಹತ್ತು ಕನ್ನಡಿಗರನ್ನು ಕೇಳಿ ನೋಡಿ: ಒಬ್ಬರಿಗೆ ಗೊತ್ತಿದ್ದರೆ ನಮ್ಮ ಪುಣ್ಯ.

ಚಂದಾವರಕರರು ಒಂಟಿಯಲ್ಲ. ಕಾನಡಾ ಜಿಲ್ಲೆಗಳಿಂದ ಬಂದ ಸಾರಸ್ವತ ಗುಮಾಸ್ತರು, ವಕೀಲರು, ಶಿಕ್ಷಕರು ಈ ನಗರಕ್ಕೆ ಕಲಿಸಿದ್ದು ಸಣ್ಣ ವಿದ್ಯೆಯಲ್ಲ. ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ತಮ್ಮ ಗುರುಗಳಾದ ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಬ್ಯಾಂಕನ್ನು ತೆರೆದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘವನ್ನು ಕಟ್ಟಿದರು. ಅದು ದೇಶದ ಅತಿ ಹಳೆಯ ವಸತಿ ಸಂಘಗಳಲ್ಲೊಂದು. ಇಂದು ಮುಂಬಯಿಯ ಮಧ್ಯಮವರ್ಗ 'ಸೊಸಾಯಿಟಿ' ಎಂಬ ಪದವನ್ನು ಉಸಿರಾಡುವಷ್ಟು ಸಹಜವಾಗಿ ಬಳಸುತ್ತದೆಯಲ್ಲ, ಆ ಬದುಕಿನ ಕ್ರಮವನ್ನು ರೂಢಿಸಿದವರಲ್ಲಿ ಇವರು ಮೊದಲಿಗರು. ಮನೆಮಾತು ಕೊಂಕಣಿಯಾದ ಕಾರಣಕ್ಕೆ ನಾವು ಅವರನ್ನು ನಮ್ಮ ಲೆಕ್ಕದಿಂದ ಬಿಟ್ಟೆವು. ಆದರೆ ಯಶವಂತ ಚಿತ್ತಾಲರನ್ನು ಬಿಡಲಿಲ್ಲ. ಲೆಕ್ಕ ನಮ್ಮ ಅನುಕೂಲಕ್ಕೆ ತಕ್ಕಂತೆ ನಡೆಯುತ್ತದೆ.

ರಾಜಕಾರಣದ ಕಡೆಯೂ ಹೀಗೆಯೇ. ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು ಮಂತ್ರಿಯಾಗಿದ್ದುದು ಮುಂಬಯಿ ಸರ್ಕಾರದಲ್ಲಿ. ಮುಂದೆ ಕರ್ನಾಟಕದ ಮುಖ್ಯಮಂತ್ರಿಯೂ ದೇಶದ ಉಪರಾಷ್ಟ್ರಪತಿಯೂ ಆದ ಬಿ.ಡಿ. ಜತ್ತಿಯವರು 1952ರ ಚುನಾವಣೆಯ ನಂತರ ಉಪಮಂತ್ರಿಯಾದದ್ದೂ ಇಲ್ಲಿಯೇ. ಕರ್ನಾಟಕ ಏಕೀಕರಣ ಪರಿಷತ್ತು 1946ರ ಜನವರಿಯಲ್ಲಿ ಈ ನಗರದಲ್ಲಿ ಸೇರಿತು. ಸರ್ದಾರ್ ಪಟೇಲರು ಅದನ್ನು ಉದ್ಘಾಟಿಸಿದರು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಕಣ್ಣು ಬಿಟ್ಟದ್ದು ಧಾರವಾಡದಲ್ಲಲ್ಲ, ಮುಂಬಯಿಯಲ್ಲಿ. ಕನ್ನಡ ಸಾಹಿತ್ಯ ಸಮ್ಮೇಳನ 1935ರಲ್ಲಿ ಎನ್.ಎಸ್. ಸುಬ್ಬರಾಯರ ಅಧ್ಯಕ್ಷತೆಯಲ್ಲಿ, 1951ರಲ್ಲಿ ಗೋವಿಂದ ಪೈಗಳ ಅಧ್ಯಕ್ಷತೆಯಲ್ಲಿ ಇಲ್ಲಿ ನಡೆಯಿತು. ಮುಂಬಯಿಯಿಂದ ನಾಲ್ಕು ಜಿಲ್ಲೆಗಳನ್ನು ಬಿಡಿಸಿಕೊಳ್ಳುವ ಮಾತನ್ನೂ ಮುಂಬಯಿಯಲ್ಲೇ ಕುಳಿತು ಆಡಿದೆವು. ಅಷ್ಟರಮಟ್ಟಿಗೆ ಇದು ನಮ್ಮ ಊರಾಗಿತ್ತು.

ಇದನ್ನು ಹೊನ್ನಿನ ಕಾಲವೆಂದು ಹಾಡಿ ಹೊಗಳುವ ಉದ್ದೇಶ ನನಗಿಲ್ಲ. ರಾಜಧಾನಿ ಕನ್ನಡಕ್ಕೆ ಮಲತಾಯಿಯಾಗಿತ್ತು. ಧಾರವಾಡದ ಶಾಲೆ, ಕಚೇರಿಗಳಲ್ಲಿ ಮರಾಠಿ ಮೆರೆಯುತ್ತಿದ್ದ ಸ್ಥಿತಿಯಿಂದಲೇ 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿತು. ಬೆಳಗಾವಿಯ ವ್ಯಾಜ್ಯಕ್ಕೆ ಎದುರೇಟಾಗಿ ಮುಂಬಯಿಯ ಮೇಲೆ ಹಕ್ಕು ಹೂಡುವ ಹುಚ್ಚೂ ನನಗಿಲ್ಲ. ಮುಂಬಯಿ ಮಹಾರಾಷ್ಟ್ರದ್ದು. ನಾನು ಕೇಳುತ್ತಿರುವುದು ನೆಲವನ್ನಲ್ಲ, ನೆನಪನ್ನು.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಮುಂಬಯಿ ಕನ್ನಡಿಗರಲ್ಲಿ ಬಹುಪಾಲು ದಕ್ಷಿಣ ಕನ್ನಡದವರು. ಅವರ ರಾಜಧಾನಿ ಮದ್ರಾಸಾಗಿತ್ತು. ನಿಜ. ಅವರು ನಿಜಕ್ಕೂ ಗಡಿ ದಾಟಿ ಬಂದವರು, ಬಂದು 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದವರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ ಆ ಹುಡುಗರ ಕಥೆಗೆ ಸಮನಾದುದು ಈ ನಗರದ ಚರಿತ್ರೆಯಲ್ಲಿ ಹೆಚ್ಚಿಲ್ಲ. ಆದರೆ ಆ ಒಂದು ಕಥೆಯನ್ನೇ ಎಲ್ಲರ ಕಥೆಯನ್ನಾಗಿ ಮಾಡಿದೆವು. ಅದರಲ್ಲೂ ಹೋಟೆಲಿನ ಮಾಲೀಕನಾದವನ ಅಭಿನಂದನ ಗ್ರಂಥವನ್ನು ಅಚ್ಚು ಹಾಕಿಸಿದೆವೇ ಹೊರತು, ರಾತ್ರಿಶಾಲೆಯಲ್ಲಿ ನಿದ್ದೆಗಣ್ಣಲ್ಲಿ ಕುಳಿತು ಕೊನೆಗೂ ಪಾಸಾಗದೆ ಉಳಿದವನ ಒಂದು ಸಾಲನ್ನೂ ಬರೆಯಲಿಲ್ಲ. ತುಳುನಾಡಿನ ಬಂಧುಗಳು ಮುನಿಯಬಾರದು: ಅನ್ಯಾಯ ಆದದ್ದು ಅವರಿಗೂ.

ಕೆಲವು ವರ್ಷಗಳ ಹಿಂದೆ ಉಪನಗರದ ಒಂದು ಸಂಸ್ಥೆಯ ಹಳೆಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಅಲ್ಲಿ ಒಂದು ಕಾಲದಲ್ಲಿ ರಾತ್ರಿಶಾಲೆ ನಡೆಯುತ್ತಿತ್ತು. ಹಾಜರಿ ಪುಸ್ತಕಗಳಿವೆಯೆಂದು ಕೇಳಿ ನಾನು ಹೋದೆ. ಎರಡು ದಿನ ತಡವಾಗಿತ್ತು. ಗೋದ್ರೆಜ್ ಕಪಾಟನ್ನು ಉಳಿಸಿಕೊಂಡಿದ್ದರು, ಒಳಗಿನ ಕಾಗದಗಳು ರದ್ದಿಯವನ ತಕ್ಕಡಿ ಏರಿದ್ದವು. ಪದಾಧಿಕಾರಿಗಳು ಕೆಟ್ಟವರಲ್ಲ, "ಅದರಲ್ಲಿ ಏನಿತ್ತು ಸಾರ್, ಬರೀ ಹೆಸರುಗಳು" ಎಂದು ಸಂಕೋಚದಿಂದಲೇ ಹೇಳಿದರು. ಹೆಸರು, ಊರು, ವಯಸ್ಸು, ಕೆಲಸ ಮಾಡುವ ಹೋಟೆಲು. ಅಷ್ಟೇ ಇತ್ತು. ನಮ್ಮ ಸಾಮಾಜಿಕ ಚರಿತ್ರೆಯನ್ನು ಬರೆಯಲು ಬೇಕಾಗಿದ್ದುದೂ ಅಷ್ಟೇ.

ಹೊರನಾಡು ಎಂಬ ಪದ ಮಾಡಿದ ಕೇಡು ಇದು. ಅತಿಥಿಯಾಗಿ ಬಂದವನು ಮನೆಯ ಹಳೆಯ ಕಾಗದಗಳನ್ನು ಜೋಪಾನ ಮಾಡುವುದಿಲ್ಲ. ಪಾಲಿಕೆಯ ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚುವಾಗ ನಾವು ಮನವಿ ಪತ್ರ ಹಿಡಿದು ನಿಲ್ಲುತ್ತೇವೆ. ಹಕ್ಕಿನ ದನಿ ನಮ್ಮ ಗಂಟಲಲ್ಲಿ ಹೊರಡುವುದೇ ಇಲ್ಲ. ಬೆಂಗಳೂರಿನ ವಿದ್ವಾಂಸರೂ ಕಡಿಮೆಯಿಲ್ಲ. ಧಾರವಾಡ, ಬಿಜಾಪುರಗಳ ಒಂದೂಕಾಲು ಶತಮಾನಕ್ಕೂ ಮಿಗಿಲಾದ ಆಡಳಿತದ ಕಡತಗಳನ್ನು ಮುಂಬಯಿಯ ಸರ್ಕಾರಿ ಪತ್ರಾಗಾರದಲ್ಲಿ ಹುಡುಕಬೇಕು. ಅವನ್ನು ತೆರೆಯಲು ಬರುವ ಕನ್ನಡ ಸಂಶೋಧಕರಿಗಿಂತ ನವೆಂಬರಿನಲ್ಲಿ ಶಾಲು ಹೊದೆಯಲು ಬರುವವರ ಸಂಖ್ಯೆಯೇ ಹೆಚ್ಚು.

ಬೆಳಿಗ್ಗೆ ಎಂಟಕ್ಕೆ ಯಾವುದೇ ಉಪನಗರದ ಕೂಲಿ ನಾಕಾಕ್ಕೆ ಹೋಗಿ ನಿಲ್ಲಿ. ಗಾರೆ ಕೆಲಸಕ್ಕೆ ಕಾಯುವ ಗಂಡಸರು, ಹೆಂಗಸರ ನಡುವೆ ವಿಜಯಪುರದ ಕನ್ನಡ ಕೇಳುತ್ತದೆ. ಅವರ ಅಜ್ಜ ಮುತ್ತಜ್ಜಂದಿರು ಬರಗಾಲದ ಅರ್ಜಿಗಳನ್ನು ಬರೆಸಿ ಕಳುಹಿಸಿದ್ದು ಈ ಊರಿನ ಸರ್ಕಾರಕ್ಕೆ. ಇವತ್ತು ಅವರನ್ನು ಪೊಲೀಸನೂ 'ಬಾಹರ್‌ಗಾಂವ್‌ವಾಲಾ' ಎನ್ನುತ್ತಾನೆ, ನಮ್ಮ ರಾಜ್ಯೋತ್ಸವದ ಅತಿಥಿಯೂ ಕನ್ನಡದಲ್ಲಿ ಅದನ್ನೇ ಅನ್ನುತ್ತಾನೆ. ವ್ಯತ್ಯಾಸವಿಷ್ಟೆ: ಈ ಕೂಲಿಯವರನ್ನು ನಮ್ಮ ಸಭೆಗೆ ಯಾರೂ ಕರೆದಿರುವುದಿಲ್ಲ.

ಈ ವರ್ಷದ ಆಮಂತ್ರಣ ಪತ್ರಿಕೆಯ ಕರಡನ್ನು ತಿದ್ದಲು ನನಗೆ ಕಳುಹಿಸಿದ್ದಾರೆ. ಅದರಲ್ಲಿ 'ಹೊರನಾಡು' ಎರಡು ಕಡೆ ಇತ್ತು. ಎರಡನ್ನೂ ಹೊಡೆದು ಹಾಕಿ ಹಿಂದಿರುಗಿಸಿದ್ದೇನೆ. ಕಾರ್ಯದರ್ಶಿಗಳಿಂದ ಉತ್ತರ ಇನ್ನೂ ಬಂದಿಲ್ಲ.